ಬಿಟ್ಟ ಸ್ಥಳ ತುಂಬಿರಿ

ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯ ಶಾಲಾ ಮಕ್ಕಳಿಗಾಗಿ ನಡೆಸುವ ಇಂಗ್ಲಿಷ್ ಪರೀಕ್ಷೆಗಳಲ್ಲಿ ಒಂದು ‘ಬಿ1 ಪ್ರಿಲಿಮಿನರಿ ಫಾರ್ ಸ್ಕೂಲ್ಸ್’. ಅದರ ರೀಡಿಂಗ್ ಪತ್ರಿಕೆ ಮುಗಿಯುವುದು ಒಂದು ಪುಟ್ಟ ಬರಹದಿಂದ. ಅದರಲ್ಲಿ ಆರು ಖಾಲಿ ಜಾಗ. ಕೆಳಗೆ ಆಯ್ಕೆಗಳಿಲ್ಲ, ಪಕ್ಕದಲ್ಲಿ ಪದಗಳ ಪಟ್ಟಿಯೂ ಇಲ್ಲ. ಒಂದು ಜಾಗಕ್ಕೆ ಒಂದೇ ಪದ, ಸ್ಪೆಲ್ಲಿಂಗ್ ಸರಿಯಿರಬೇಕು. ನೋಡಿದರೆ ನಮ್ಮ ಶಾಲೆಗಳ ‘ಬಿಟ್ಟ ಸ್ಥಳ ತುಂಬಿರಿ’ ಇದ್ದ ಹಾಗೇ ಇದೆ. ಆದರೆ ನಮ್ಮಲ್ಲಿ ಬಿಡುವುದು ಪಾಠದ ದೊಡ್ಡ ಪದವನ್ನು: ರಾಜನ ಹೆಸರು, ನದಿಯ ಹೆಸರು, ಇಸವಿ. ಇಲ್ಲಿ ಬಿಟ್ಟಿರುವುದು ಯಾರೂ ಗಮನಿಸದ ಪುಡಿ ಪದಗಳನ್ನು: ‘ದ’ (the), ‘ಆಫ್’ (of), ‘ಹೂ’ (who), ‘ದ್ಯಾನ್’ (than), ‘ಬೀನ್’ (been), ‘ಇಟ್’ (it).

ಕನ್ನಡ ಮನೆಮಾತಿನ ಮಕ್ಕಳು, ಇಂಗ್ಲಿಷ್ ಮೀಡಿಯಂನವರೂ ಸೇರಿದಂತೆ, ಈ ಆರು ಅಂಕಗಳಲ್ಲಿ ಎಡವುವುದು ಜಾಸ್ತಿ. ಕಾರಣ ಶಬ್ದಸಂಪತ್ತಿನ ಬಡತನವಲ್ಲ. ಈ ಪುಡಿ ಪದಗಳು ಮಾಡುವ ಕೆಲಸವನ್ನು ಕನ್ನಡ ಪ್ರತ್ಯಯದಲ್ಲಿ ಮುಗಿಸಿಬಿಡುತ್ತದೆ. ‘ಅಣ್ಣನಿಗಿಂತ ಎತ್ತರ’ ಎಂದಾಗ ‘ದ್ಯಾನ್’ ಎಂಬುದು ‘ಇಂತ’ದೊಳಗೆ ಕರಗಿಹೋಗಿದೆ. ‘ನಿನ್ನೆ ಬಂದ ಹುಡುಗ’ ಎಂಬಲ್ಲಿ ‘ಹೂ’ಗೆ ಜಾಗವೇ ಇಲ್ಲ, ‘ಬಂದ’ ಎಂಬ ಕೃದಂತವೇ ಎರಡು ವಾಕ್ಯಗಳನ್ನು ಹೊಲಿದುಬಿಟ್ಟಿದೆ. ‘ಮಳೆ ಬರ್ತಿದೆ’ ಎನ್ನುವ ನಾಡಿನ ಮಗುವಿಗೆ ‘ಇಟ್ ಈಸ್ ರೈನಿಂಗ್’ನಲ್ಲಿರುವ ‘ಇಟ್’ ಯಾರು ಎಂದು ಅರ್ಥವಾಗುವುದಿಲ್ಲ. ಆಗಬೇಕಾದ್ದೂ ಇಲ್ಲ, ಅಲ್ಲಿ ಯಾರೂ ಇಲ್ಲ. ‘ಬಾಗಿಲು ಹಾಕು’ ಎಂದರೆ ಯಾವ ಬಾಗಿಲು ಎಂದು ಕೇಳುವವರಿಲ್ಲದ ಭಾಷೆಯಿಂದ ಬಂದವರಿಗೆ ‘ಎ ಡೋರ್’, ‘ದ ಡೋರ್’ ನಡುವಿನ ಗೆರೆ ಕಾಣಲು ವರ್ಷಗಳೇ ಬೇಕು. ಇನ್ನು ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಎಂಬುದು ‘ಫ್ರಮ್ ಟೂ ಇಯರ್ಸ್ ಐ ಆಮ್ ಹಿಯರ್’ ಆಗುತ್ತದೆ. ‘ಇಂದ’ಕ್ಕೆ ‘ಫ್ರಮ್’ ಎಂದು ನಾವೇ ಹೇಳಿಕೊಟ್ಟಿದ್ದೇವಲ್ಲ! ಪರೀಕ್ಷೆಗೆ ಬೇಕಿರುವುದು ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್’. ಇಲ್ಲಿ ‘ಹ್ಯಾವ್’, ‘ಬೀನ್’, ‘ಫಾರ್’ ಮೂರೂ ಖಾಲಿ ಜಾಗವಾಗಲು ತಕ್ಕ ಪದಗಳೇ.

ಇದಕ್ಕೆ ವ್ಯಾಕರಣದ ಪುಸ್ತಕ ಪೂರ್ತಿ ಮದ್ದಲ್ಲ. ಮಗು ಈಗಾಗಲೇ ಓದಿ ಅರ್ಥಮಾಡಿಕೊಂಡ ಒಂದು ಪ್ಯಾರಾ ತೆಗೆದುಕೊಳ್ಳಿ. ಜೆರಾಕ್ಸ್ ಮಾಡಿ, ಹತ್ತು ಪುಡಿ ಪದಗಳ ಮೇಲೆ ವೈಟ್ನರ್ ಹಚ್ಚಿ, ಮಾರನೇ ದಿನ ತುಂಬಲು ಕೊಡಿ. ತಪ್ಪಾದವನ್ನು ಮೂರು ಗುಂಪು ಮಾಡಿ: ಆರ್ಟಿಕಲ್, ಪ್ರಿಪೊಸಿಷನ್, ಸಹಾಯಕ ಕ್ರಿಯಾಪದ. ಎರಡು ವಾರದಲ್ಲಿ ಯಾವ ಗುಂಪು ದಪ್ಪ ಎಂಬುದು ತಾನೇ ಕಾಣುತ್ತದೆ. ಆಮೇಲೆ ಓದಬೇಕಾದದ್ದು ವ್ಯಾಕರಣದ ಆ ಒಂದು ಅಧ್ಯಾಯವನ್ನು ಮಾತ್ರ.

ಈಗ ಪರೀಕ್ಷೆಗಳ ಪರಿಚಯ. ಹೈಸ್ಕೂಲು ವಯಸ್ಸಿನವರಿಗೆ ಕೇಂಬ್ರಿಜ್‌ನಲ್ಲಿ ಮೂರು ಮೆಟ್ಟಿಲು: ಎ2 ಕೀ, ಬಿ1 ಪ್ರಿಲಿಮಿನರಿ, ಬಿ2 ಫಸ್ಟ್. ಎ2, ಬಿ1 ಎಂಬ ಗುರುತುಗಳು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟಿನವು. ಹೆಸರಿನ ಕೊನೆಗೆ ‘ಫಾರ್ ಸ್ಕೂಲ್ಸ್’ ಎಂದಿದ್ದರೆ ಪರೀಕ್ಷೆ ಸುಲಭ ಎಂದಲ್ಲ. ಮಟ್ಟವೂ ಅದೇ, ಅಂಕದ ಲೆಕ್ಕವೂ ಅದೇ. ವಿಷಯಗಳು ಮಾತ್ರ ಹದಿಹರೆಯದವರವು. ಆಫೀಸಿನ ಮೀಟಿಂಗ್ ಬದಲು ಶಾಲೆಯ ಪ್ರವಾಸ, ಬಾಡಿಗೆ ಮನೆಯ ಬದಲು ಗೆಳೆಯನ ಹುಟ್ಟುಹಬ್ಬ. ಇಟಲಿ, ಸ್ಪೇನ್, ಗ್ರೀಸ್‌ಗಳಲ್ಲಿ ಶಾಲಾ ಮಕ್ಕಳು ಇವನ್ನು ಬರೆಯುವುದು ನಮ್ಮಲ್ಲಿ ಹಿಂದಿ ಪ್ರಥಮ, ಮಧ್ಯಮ ಬರೆಯುತ್ತಿದ್ದಷ್ಟೇ ಸಹಜ.

ಕೇಂಬ್ರಿಜ್‌ನ ಇಂಗ್ಲಿಷ್ ಪರೀಕ್ಷೆಗಳ ಹಿರಿಯಜ್ಜಿ 1913ರ ಪ್ರೊಫಿಷಿಯೆನ್ಸಿ ಪರೀಕ್ಷೆ. ಬರೆದವರು ಮೂವರು, ನಡೆದದ್ದು ಹನ್ನೆರಡು ಗಂಟೆ, ಪಾಸಾದವರು ಯಾರೂ ಇಲ್ಲ. ಫ್ರೆಂಚ್ ಅಥವಾ ಜರ್ಮನ್ ಜೊತೆ ಅನುವಾದವೂ ಅದರಲ್ಲಿತ್ತು. ಇವತ್ತಿನ ಬಿ2 ಫಸ್ಟ್‌ನ ಮೂಲ 1939ರ ಲೋಯರ್ ಸರ್ಟಿಫಿಕೇಟ್. ಅನುವಾದ ಯಾವಾಗಲೋ ಬಿದ್ದುಹೋಯಿತು, ಎದುರು ಕೂತು ಮಾತಾಡಿಸುವುದು ಮಾತ್ರ ಉಳಿದುಕೊಂಡಿತು.

ಯಾವ ಮೆಟ್ಟಿಲಿಗೆ ಕೂರಿಸಬೇಕು ಎಂಬಲ್ಲಿ ಅಪ್ಪ ಅಮ್ಮಂದಿರು ಮಾಡುವ ತಪ್ಪೇ ಎಲ್ಲಕ್ಕಿಂತ ದುಬಾರಿ. ‘ಒಂಬತ್ತನೇ ಕ್ಲಾಸು, ಹಾಗಾಗಿ ಬಿ2’ ಎಂಬ ಲೆಕ್ಕವೇ ಇಲ್ಲ. ಅಂಕಗಳು ಒಂದೇ ಉದ್ದನೆಯ ಅಳತೆಪಟ್ಟಿಯ ಮೇಲೆ ಬೀಳುತ್ತವೆ. ಎ2 ಕೀ ಪಾಸಾಗಲು 120, ಬಿ1ಗೆ 140, ಬಿ2ಗೆ 160. ಬಿ1 ಬರೆದವರಿಗೆ 140ರಿಂದ 152 ಬಂದರೆ ಸಿ ಗ್ರೇಡ್, 153ರಿಂದ 159ಕ್ಕೆ ಬಿ, 160 ದಾಟಿದರೆ ಎ. ಎ ಬಂದವರ ಸರ್ಟಿಫಿಕೇಟಿನಲ್ಲಿ ಮಟ್ಟ ಬಿ2 ಎಂದೇ ಇರುತ್ತದೆ. ಕೆಳಗೆ ಜಾರಿ 120ರಿಂದ 139ರೊಳಗೆ ನಿಂತರೂ ಕೈ ಬರಿದಲ್ಲ, ಎ2 ಮಟ್ಟದ ಸರ್ಟಿಫಿಕೇಟ್ ಸಿಗುತ್ತದೆ. ಬಿ1ರಲ್ಲಿ ನಾಲ್ಕೂ ವಿಭಾಗಕ್ಕೆ ಕಾಲು ಕಾಲು ಪಾಲು. ಪ್ರತಿಯೊಂದರಲ್ಲೂ ಪಾಸಾಗಲೇಬೇಕು ಎಂಬ ನಿಯಮವಿಲ್ಲ, ಸರಾಸರಿ ನೋಡುತ್ತಾರೆ. ರೀಡಿಂಗ್ 150, ರೈಟಿಂಗ್ 138, ಲಿಸನಿಂಗ್ 145, ಸ್ಪೀಕಿಂಗ್ 131 ಬಂದ ಹುಡುಗಿಯ ಸರಾಸರಿ 141, ಅವಳು ಪಾಸು.

ಮನೆಯಲ್ಲೇ ಅಳೆಯುವ ದಾರಿ ಇದೆ. ಕೇಂಬ್ರಿಜ್ ತನ್ನ ಜಾಲತಾಣದಲ್ಲಿ ಮಾದರಿ ಪತ್ರಿಕೆಗಳನ್ನು ಬಿಟ್ಟಿಯಾಗಿ ಇಟ್ಟಿದೆ. ಬಿ1 ರೀಡಿಂಗ್ ಪತ್ರಿಕೆಯನ್ನು ಗಡಿಯಾರ ಇಟ್ಟು 45 ನಿಮಿಷದಲ್ಲಿ ಮಾಡಿಸಿ. ಅಭ್ಯಾಸ ಪತ್ರಿಕೆಗಳ ಪರಿವರ್ತನೆಯ ಪ್ರಕಾರ 32ಕ್ಕೆ 23 ಬಂದರೆ ಹೆಚ್ಚುಕಡಿಮೆ 140, 29 ಬಂದರೆ 160. ಇಂಥ ಮೂರು ಮಾದರಿ ಪತ್ರಿಕೆ ಮಾಡಿಸಿ, ಮೂರರಲ್ಲೂ 29ರ ಸುತ್ತ ಬರುವ ಮಗುವಿಗೆ ಬಿ2 ಯೋಚಿಸಬಹುದು. 20ರ ಹತ್ತಿರವೇ ನಿಂತರೆ ಬಿ1ಗೇ ಇನ್ನೂ ಆರು ತಿಂಗಳು ಬೇಕು. ಬಿ1 ಮುಟ್ಟಲು ಮೊದಲಿನಿಂದ ಸುಮಾರು 350ರಿಂದ 400 ಗಂಟೆಗಳ ಕಲಿಕೆ, ಬಿ2ಗೆ 500ರಿಂದ 600 ಎಂಬುದು ಕೇಂಬ್ರಿಜ್‌ನ ಅಂದಾಜು. ಅಂದರೆ ಆ ಒಂದು ಮೆಟ್ಟಿಲು ಹತ್ತಲು ಸುಮಾರು ನೂರೈವತ್ತರಿಂದ ಇನ್ನೂರು ಗಂಟೆ. ವಾರಕ್ಕೆ ಐದು ಗಂಟೆ ಕೂತರೆ ಮೂವತ್ತರಿಂದ ನಲವತ್ತು ವಾರ. ಬೇಸಿಗೆ ರಜೆಯಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರ ಮುಂದೆ ಈ ಭಾಗಾಕಾರವನ್ನು ಇಡಬಹುದು.

ರೀಡಿಂಗ್‌ನಲ್ಲಿ ಇನ್ನೊಂದು ಬಲೆ ಪದ ಹುಡುಕುವ ಚಾಳಿ. ನಮ್ಮ ಪರೀಕ್ಷೆಗಳಲ್ಲಿ ಪ್ರಶ್ನೆಯ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನು ಎತ್ತಿ ಬರೆದರೆ ಅಂಕ. ಇಲ್ಲಿ ಪ್ರಶ್ನೆಯ ಪದವೇ ಇರುವ ಉತ್ತರ ಬಹುಪಾಲು ತಪ್ಪುತ್ತರ. ಸರಿಯುತ್ತರ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳುತ್ತದೆ. ಬಿ1ರ ಎರಡನೇ ಭಾಗದಲ್ಲಿ ಐದು ಜನರ ಬೇಡಿಕೆಗಳು, ಎಂಟು ಜಾಹೀರಾತುಗಳು. ಒಬ್ಬೊಬ್ಬರಿಗೂ ಸಾಮಾನ್ಯವಾಗಿ ಮೂರು ಬೇಡಿಕೆ. ಎರಡಕ್ಕೆ ಹೊಂದಿ ಮೂರನೆಯದಕ್ಕೆ ಕೈಕೊಡುವ ಜಾಹೀರಾತುಗಳನ್ನು ಬೇಕೆಂದೇ ಇಟ್ಟಿರುತ್ತಾರೆ. ಬೇಡಿಕೆಗಳ ಕೆಳಗೆ ಮೊದಲೇ ಮೂರು ಗೆರೆ ಎಳೆದುಕೊಂಡು, ಮೂರಕ್ಕೂ ಟಿಕ್ ಬಿದ್ದ ಮೇಲಷ್ಟೇ ಅಕ್ಷರ ಬರೆಯುವುದು ಕ್ಷೇಮ. ಒಂದು ತಪ್ಪಾದರೆ ಅದು ಇನ್ನೊಬ್ಬರ ಉತ್ತರವನ್ನೂ ಕಬಳಿಸಬಹುದು. ಉತ್ತರಪತ್ರಿಕೆಗೆ ಇಳಿಸಲು ರೀಡಿಂಗ್‌ನಲ್ಲಿ ಬೇರೆ ಸಮಯ ಕೊಡುವುದಿಲ್ಲ, ಆ 45 ನಿಮಿಷದಲ್ಲೇ ಆಗಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಏನನ್ನೂ ಖಾಲಿ ಬಿಡಬೇಡಿ.

ಲಿಸನಿಂಗ್ ಸುಮಾರು ಅರ್ಧ ಗಂಟೆ, 25 ಪ್ರಶ್ನೆ, ಎಲ್ಲವನ್ನೂ ಎರಡು ಸಲ ಕೇಳಿಸುತ್ತಾರೆ. ಕಾಗದದ ಮೇಲೆ ಬರೆಯುವವರಿಗೆ ಕೊನೆಯಲ್ಲಿ ಉತ್ತರ ಇಳಿಸಲು 6 ನಿಮಿಷ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಆ ನಕಲಿನ ಕೆಲಸವೇ ಇಲ್ಲ. ಮೊದಲ ಭಾಗದಲ್ಲಿ ಮೂರು ಚಿತ್ರಗಳಿರುತ್ತವೆ, ಮಾತಿನಲ್ಲಿ ಮೂರೂ ಬಂದುಹೋಗುತ್ತವೆ. ‘ಬೈಕಿನಲ್ಲಿ ಬರೋಣ ಅಂತಿದ್ದೆ, ಪಂಕ್ಚರ್ ಆಗಿತ್ತು, ಬಸ್ಸಿಗೆ ಕಾದೆ, ಅಪ್ಪನ ಕಾರು ಸಿಕ್ಕಿತು’ ಎಂಬ ಧಾಟಿ. ಮೊದಲು ಕೇಳಿದ್ದಕ್ಕೆ ಗುರುತು ಹಾಕಿ ಪೆನ್ಸಿಲ್ ಕೆಳಗಿಟ್ಟವರು ಕೆಟ್ಟರು. ‘ಬಟ್’, ‘ಆಕ್ಚುಯಲಿ’, ‘ಇನ್ ದ ಎಂಡ್’ ಎಂಬಲ್ಲಿ ಕಿವಿ ನಿಮಿರಬೇಕು. ಬರೆದು ತುಂಬುವ ಭಾಗದಲ್ಲಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುವುದುಂಟು. ನಾವು ‘ಹೆಚ್’ ಎನ್ನುವುದನ್ನು ಅವರು ‘ಏಚ್’ ಎನ್ನುತ್ತಾರೆ, ಅದು ‘ಎ’ ಎಂದು ಕೇಳಿಸಿ ಹೆಸರೇ ಬದಲಾಗುತ್ತದೆ. ‘ಜಿ’ಗೂ ‘ಜೆ’ಗೂ, ‘ಇ’ಗೂ ‘ಐ’ಗೂ ಗೊಂದಲ. ಸೊನ್ನೆಗೆ ‘ಓ’ ಎನ್ನುತ್ತಾರೆ, ‘ಡಬಲ್ ಎಲ್’ ಎಂದರೆ ಎರಡು ‘ಎಲ್’. ದಿನಕ್ಕೆ ಐದು ಹೆಸರು, ಐದು ಫೋನ್ ನಂಬರುಗಳನ್ನು ಉಕ್ತಲೇಖನ ಬರೆಸಿದರೆ ಒಂದೇ ವಾರದಲ್ಲಿ ಸರಿಹೋಗುವ ಸಂಗತಿ ಇದು.

ರೈಟಿಂಗ್‌ನಲ್ಲಿ ಎಸ್ಸೆಸ್ಸೆಲ್ಸಿ ತಯಾರಿ ನೇರವಾಗಿ ಅಡ್ಡ ಬರುತ್ತದೆ. ಎಸ್ಸೆಸ್ಸೆಲ್ಸಿಯ ಪತ್ರಲೇಖನಕ್ಕೆ ಒಂದು ಅಚ್ಚಿದೆ: ಇಂದ, ಗೆ, ದಿನಾಂಕ, ಮಾನ್ಯರೇ, ವಿಷಯ, ಕೊನೆಗೆ ತಮ್ಮ ವಿಧೇಯ. ಆ ಅಚ್ಚಿಗೇ ಅಂಕವೂ ಇದೆ. ಬಿ1ರ ಮೊದಲ ಪ್ರಶ್ನೆ ಇಮೇಲ್, ಸುಮಾರು 100 ಪದ. ಗೆಳೆಯನದೋ ಟೀಚರದೋ ಒಂದು ಇಮೇಲ್ ಕೊಟ್ಟು, ಅದರ ಸುತ್ತ ನಾಲ್ಕು ಟಿಪ್ಪಣಿ ಹಾಕಿರುತ್ತಾರೆ: ಇದಕ್ಕೆ ಖುಷಿಪಡು, ಎರಡರಲ್ಲಿ ಯಾವುದು ಇಷ್ಟ ಎಂದು ಕಾರಣ ಸಮೇತ ಹೇಳು, ಒಂದು ಸಲಹೆ ಕೊಡು, ಹೀಗೆ. ವಿಳಾಸ ಬೇಡ, ವಿಷಯದ ಸಾಲು ಬೇಡ. ಗೆಳೆಯನಿಗೆ ‘ರೆಸ್ಪೆಕ್ಟೆಡ್’ ಎಂದು ಬರೆದರೆ ಇಂಗ್ಲಿಷ್ ತಪ್ಪಾಗದಿದ್ದರೂ ಧಾಟಿ ತಪ್ಪು, ಧಾಟಿಗೆ ಇಲ್ಲಿ ಅಂಕವಿದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ‘ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ’ ಎಂಬ ನಮ್ಮ ಹಳೆಯ ಮರ್ಯಾದೆ ಇಂಗ್ಲಿಷಿಗೆ ಇಳಿದು ನೂರರಲ್ಲಿ ಇಪ್ಪತ್ತು ಪದಗಳನ್ನು ತಿಂದುಬಿಡುತ್ತದೆ. ನಾಲ್ಕನೇ ಟಿಪ್ಪಣಿಗೆ ಬರುವ ಹೊತ್ತಿಗೆ ಜಾಗವೂ ಇಲ್ಲ, ಸಮಯವೂ ಇಲ್ಲ.

ಅಂಕ ಕೊಡುವ ಕ್ರಮ ತಿಳಿದರೆ ಇದರ ಬೆಲೆ ಗೊತ್ತಾಗುತ್ತದೆ. ಒಂದೊಂದು ಬರಹಕ್ಕೂ ನಾಲ್ಕು ಕೋನದಿಂದ ತಲಾ 5 ಅಂಕ: ಕೇಳಿದ್ದೆಲ್ಲ ಬಂತೇ, ಓದುವವರಿಗೆ ಒಪ್ಪುವ ಧಾಟಿಯಿದೆಯೇ, ಜೋಡಣೆ ಹೇಗಿದೆ, ಭಾಷೆ ಹೇಗಿದೆ. ಒಟ್ಟು 20. ಭಾಷೆಗೆ ನೇರವಾಗಿ ಹೋಗುವುದು ಅದರ ಕಾಲು ಭಾಗ ಮಾತ್ರ. ಒಂದು ಟಿಪ್ಪಣಿಯನ್ನು ಮುಟ್ಟದೆ ಬಿಟ್ಟ ಸುಂದರ ಇಮೇಲಿಗಿಂತ, ನಾಲ್ಕನ್ನೂ ಮುಟ್ಟಿ ಎರಡು ಆರ್ಟಿಕಲ್ ಮರೆತ ಇಮೇಲ್ ಮುಂದೆ ಹೋಗಬಹುದು. ಎರಡನೇ ಪ್ರಶ್ನೆಯಲ್ಲಿ ಲೇಖನ ಅಥವಾ ಕಥೆ. ಕಥೆಯ ಮೊದಲ ಸಾಲನ್ನು ಅವರೇ ಕೊಡುತ್ತಾರೆ. ಬಾಯಿಪಾಠ ಮಾಡಿದ ಕಥೆಯನ್ನು ಆ ಸಾಲಿಗೆ ಅಂಟಿಸುವುದು ಟ್ಯೂಷನ್ನುಗಳ ಹಳೇ ಕಸುಬು. ಕೊಟ್ಟ ಸಾಲಿನಲ್ಲಿ ಹುಡುಗಿ ಬಸ್ಸಿನಿಂದ ಇಳಿಯುತ್ತಿದ್ದಾಳೆ, ಎರಡನೇ ಸಾಲಿನಲ್ಲಿ ಪ್ರಾಮಾಣಿಕ ಮರಕಡಿಯುವವನು ಕೊಡಲಿ ಹಿಡಿದು ನಿಂತಿದ್ದಾನೆ. ಮೌಲ್ಯಮಾಪಕರು ದಿನಕ್ಕೆಷ್ಟು ಕೊಡಲಿ ನೋಡಿರುತ್ತಾರೋ! ಎ2 ಕೀಯಲ್ಲಿ ಇಷ್ಟು ಭಾರವಿಲ್ಲ: 25 ಪದಕ್ಕೆ ಕಡಿಮೆಯಿಲ್ಲದ ಒಂದು ಚಿಕ್ಕ ಇಮೇಲ್, ಮೂರು ಚಿತ್ರ ನೋಡಿ 35 ಪದಕ್ಕೆ ಕಡಿಮೆಯಿಲ್ಲದ ಕಥೆ. ಮೂರನೇ ಚಿತ್ರವನ್ನು ಮರೆಯುವುದೇ ಅಲ್ಲಿನ ದೊಡ್ಡ ತಪ್ಪು. ಸ್ಪೆಲ್ಲಿಂಗ್ ಬ್ರಿಟಿಷ್ ಇರಲಿ, ಅಮೆರಿಕನ್ ಇರಲಿ, ಬರಹದುದ್ದಕ್ಕೂ ಒಂದೇ ಇದ್ದರೆ ತಕರಾರಿಲ್ಲ.

ಬಿ2 ಫಸ್ಟ್‌ನಲ್ಲಿ ಆಟ ಬದಲಾಗುತ್ತದೆ. ರೀಡಿಂಗ್ ಮತ್ತು ಯೂಸ್ ಆಫ್ ಇಂಗ್ಲಿಷ್ (ವ್ಯಾಕರಣ, ಪದಬಳಕೆ) ಒಂದೇ ಪತ್ರಿಕೆ, 1 ಗಂಟೆ 15 ನಿಮಿಷ, 52 ಪ್ರಶ್ನೆ. ಅದರ ನಾಲ್ಕನೇ ಭಾಗ ವಾಕ್ಯ ಬದಲಾವಣೆ: ಒಂದು ವಾಕ್ಯ, ಒಂದು ಕೀಲಿಪದ, ಅರ್ಥ ಕೆಡದಂತೆ ಎರಡರಿಂದ ಐದು ಪದಗಳಲ್ಲಿ ಹೊಸ ವಾಕ್ಯವನ್ನು ಪೂರೈಸಬೇಕು. ಕೀಲಿಪದದ ರೂಪ ಬದಲಾಯಿಸುವಂತಿಲ್ಲ. ‘ಡೋಂಟ್’ ಎಂಬಂಥ ಸಂಕ್ಷೇಪ ಎರಡು ಪದ ಎಂದು ಲೆಕ್ಕ, ಆರನೇ ಪದ ಬಂದರೆ ಉತ್ತರ ಕೈಬಿಟ್ಟಂತೆ. ಆರು ಪ್ರಶ್ನೆ, ಒಂದೊಂದಕ್ಕೆ 2 ಅಂಕ, ಅರ್ಧ ಸರಿಯಿದ್ದರೆ 1. ‘ಇಲ್ಲಿಗೆ ಬಂದು ಎರಡು ವರ್ಷವಾಯಿತು’ ಎಂಬುದನ್ನು ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಎಂದು ತಿರುಗಿಸುವುದು ಇಲ್ಲಿಯೂ ಬರುತ್ತದೆ. ಮೊದಲು ಹೇಳಿದ ‘ಇಂದ’ ಮತ್ತೆ ಕಾಲಿಗೆ ತೊಡರುತ್ತದೆ. ಬರವಣಿಗೆಯಲ್ಲಿ ಪ್ರಬಂಧ ಕಡ್ಡಾಯ, 140ರಿಂದ 190 ಪದ. ಎರಡು ಅಂಶಗಳನ್ನು ಕೊಟ್ಟು ಮೂರನೆಯದನ್ನು ನಿಮ್ಮ ತಲೆಯಿಂದ ತನ್ನಿ ಎನ್ನುತ್ತಾರೆ. ಮೂರನೆಯದನ್ನು ತರದೆ ಹಾಗೇ ಮುಗಿಸುವವರು ಕಡಿಮೆಯಿಲ್ಲ.

ಸ್ಪೀಕಿಂಗ್‌ಗೆ ಮಕ್ಕಳು ಜೋಡಿಯಾಗಿ ಹೋಗುತ್ತಾರೆ. ಎ2ರಲ್ಲಿ 8ರಿಂದ 10 ನಿಮಿಷ, ಬಿ1ರಲ್ಲಿ 12, ಬಿ2ರಲ್ಲಿ 14. ಒಳಗೆ ಇಬ್ಬರು ಪರೀಕ್ಷಕರು: ಒಬ್ಬರು ಮಾತಾಡಿಸುವವರು, ಇನ್ನೊಬ್ಬರು ಪಕ್ಕದಲ್ಲಿ ಸುಮ್ಮನೆ ಕೂತು ಅಂಕ ಹಾಕುವವರು. ಮಾತಾಡಿಸುವವರ ಕೈಯಲ್ಲಿ ಬರೆದಿಟ್ಟ ಪ್ರಶ್ನೆಗಳಿರುತ್ತವೆ. ಅದನ್ನು ಬಿಟ್ಟು ವಿವರಿಸುವಂತಿಲ್ಲ, ‘ಗುಡ್’ ಎಂದು ಬೆನ್ನು ತಟ್ಟುವಂತಿಲ್ಲ. ನಡುವೆ ‘ಥ್ಯಾಂಕ್ಯೂ’ ಎಂದು ತಡೆದರೆ ಸಮಯ ಮುಗಿಯಿತು ಎಂದಷ್ಟೇ ಅರ್ಥ. ಇದು ಗೊತ್ತಿಲ್ಲದ ಮಗು ಆ ಮುಖ ನೋಡಿ ತಾನು ಕೆಟ್ಟೆ ಎಂದುಕೊಂಡು ಮುಂದಿನ ಭಾಗದಲ್ಲಿ ಕುಗ್ಗಿಹೋಗುತ್ತದೆ. ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಬಹುದು, ಅದಕ್ಕೆ ಅಂಕ ಹೋಗುವುದಿಲ್ಲ. ದೊಡ್ಡವರನ್ನು ಮರುಪ್ರಶ್ನಿಸಬಾರದು ಎಂದು ಕಲಿಸಿದ ಮನೆಗಳಿಂದ ಬಂದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಬಿ1ರ ಎರಡನೇ ಭಾಗದಲ್ಲಿ ಒಂದು ಫೋಟೋ, ಒಂದು ನಿಮಿಷ. ವಸ್ತುವಿನ ಹೆಸರು ಗೊತ್ತಿಲ್ಲದಾಗ ನಮ್ಮ ಮಕ್ಕಳು ನಿಂತೇಬಿಡುತ್ತಾರೆ. ಮಣ್ಣು ಸಾಗಿಸುವ ಒಂಟಿಚಕ್ರದ ಗಾಡಿಯ ಇಂಗ್ಲಿಷ್ ಹೆಸರು ಬಾರದಿದ್ದರೆ ‘ಒಂದೇ ಚಕ್ರ ಇದೆ, ಮಣ್ಣು ಹಾಕಿ ತಳ್ಳುತ್ತಾರೆ’ ಎಂದು ಇಂಗ್ಲಿಷಿನಲ್ಲಿ ಸುತ್ತಿಬಳಸಿ ಹೇಳಿದರೆ ಸಾಕು, ಅದೇ ಒಂದು ಕೌಶಲ. ಮೂರನೇ ಭಾಗ ಜೊತೆಗಾರರೊಂದಿಗೆ ಚರ್ಚೆ. ಅಲ್ಲಿ ಪರೀಕ್ಷಕರ ಮುಖ ನೋಡಿಕೊಂಡೇ ಭಾಷಣ ಮಾಡುವುದು, ಜೊತೆಗಾರರಿಗೆ ಬಾಯಿ ತೆರೆಯಲು ಬಿಡದಿರುವುದು, ಎರಡೂ ನಷ್ಟ. ಇಬ್ಬರಿಗೂ ಬೇರೆ ಬೇರೆ ಅಂಕ. ಜೊತೆಯವರು ತಡವರಿಸಿದರೆ ನಿಮಗೆ ಕುತ್ತಿಲ್ಲ, ‘ನಿನಗೇನನ್ನಿಸುತ್ತದೆ?’ ಎಂದು ಕೇಳಿದರೆ ಲಾಭವೇ. ಒಮ್ಮತಕ್ಕೆ ಬರಲೇಬೇಕೆಂದೂ ಇಲ್ಲ.

ಕನ್ನಡದ ಉಚ್ಚಾರಕ್ಕೆ ಅಂಕ ಕಳೆಯುತ್ತಾರಾ ಎಂದು ಕೇಳುವವರಿದ್ದಾರೆ. ಇಲ್ಲ, ತಿಳಿಯಬೇಕು ಅಷ್ಟೇ. ‘ಬಸ್ಸು’, ‘ಬುಕ್ಕು’ ಎಂಬ ಬಾಲದ ಉಕಾರ, ‘ಯೆಗ್ಗು’ ಎಂಬ ತಲೆಯ ಯಕಾರ ಅರ್ಥ ಕೆಡಿಸುವುದು ಕಡಿಮೆ. ‘ಓಲ್ಡ್’ ಹೋಗಿ ‘ವೋಲ್ಡ್’, ‘ವಾಕ್ಟ್’ ಹೋಗಿ ‘ವಾಕೆಡ್’ ಆದಾಗ ಕೇಳುವವರು ತಡವರಿಸುತ್ತಾರೆ. ಮೊಬೈಲಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಮಗುವಿಗೇ ಕೇಳಿಸಿದರೆ ಟೀಚರ್ ನೂರು ಸಲ ತಿದ್ದುವುದಕ್ಕಿಂತ ಬೇಗ ತಿದ್ದಿಕೊಳ್ಳುತ್ತದೆ. ‘ಮೈ ನೇಟಿವ್ ಈಸ್ ಹಾಸನ’, ‘ಕಸಿನ್ ಬ್ರದರ್’ ಇವೆಲ್ಲ ನಮ್ಮೂರಿನಲ್ಲಿ ಸರಿಯೇ. ಪರೀಕ್ಷೆಗೆ ‘ಐ ಆಮ್ ಫ್ರಮ್ ಹಾಸನ’ ಎಂಬ ಸಾದಾ ಮಾತು ಸಾಕು.

ಇದರಿಂದ ಏನು ಸಿಗುತ್ತದೆ? ಪಿಯು ಸೀಟು ನಿರ್ಧಾರವಾಗುವುದು ಎಸ್ಸೆಸ್ಸೆಲ್ಸಿ ಅಂಕದಿಂದ, ಅಲ್ಲಿ ಈ ಸರ್ಟಿಫಿಕೇಟಿನ ಆಟ ನಡೆಯದು. ಬ್ರಿಟನ್ ವೀಸಾಕ್ಕೆ ಬೇಕಾದ ಪರೀಕ್ಷೆಗಳ ಪಟ್ಟಿಯೇ ಬೇರೆ, ‘ಫಾರ್ ಸ್ಕೂಲ್ಸ್’ ಅದರಲ್ಲಿಲ್ಲ. ಅಪ್ಪ ಅಮ್ಮನ ಕೆಲಸದ ಜೊತೆ ಯುರೋಪಿಗೆ ಹೋಗಿ ಅಲ್ಲಿನ ಶಾಲೆ ಸೇರುವ ಮಗುವಿನ ಕೈಯಲ್ಲಿ ಬಿ1 ಎಂಬ ಗುರುತಿದ್ದರೆ ಶಾಲೆಯವರು ಕೂಡಲೇ ಅರ್ಥಮಾಡಿಕೊಳ್ಳುತ್ತಾರೆ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷವಷ್ಟೇ ಒಪ್ಪುತ್ತಾರೆ. ಕೇಂಬ್ರಿಜ್ ತನ್ನ ಸರ್ಟಿಫಿಕೇಟಿಗೆ ಮುಕ್ತಾಯ ದಿನಾಂಕ ಹಾಕುವುದಿಲ್ಲ. ಆದರೂ ಪಡೆಯುವ ಕಾಲೇಜು ‘ಇತ್ತೀಚಿನದು ಬೇಕು’ ಎನ್ನಬಹುದು, ಮೊದಲೇ ಕೇಳಿಕೊಳ್ಳಬೇಕು. ಹಾಗಾಗಿ ಹದಿನಾಲ್ಕನೇ ವಯಸ್ಸಿನಲ್ಲಿ ಇದನ್ನು ವಿದೇಶದ ಟಿಕೆಟ್ ಎಂದು ಬರೆಸುವುದಕ್ಕಿಂತ, ಮಾತು ಮತ್ತು ಕಿವಿಗೂ ಅಂಕವಿರುವ ಒಂದು ಪರೀಕ್ಷೆ ಎಂದು ಬರೆಸುವುದು ಮೇಲು.

ನೋಂದಣಿ ಅಧಿಕೃತ ಕೇಂದ್ರಗಳ ಮೂಲಕ, ಪರೀಕ್ಷೆಗೆ ಹಲವು ವಾರ ಮುಂಚೆಯೇ ಮುಗಿಯುತ್ತದೆ. ಸ್ಪೀಕಿಂಗ್ ಬೇರೆ ದಿನ ಬೀಳಬಹುದು. ಡಿಸ್ಲೆಕ್ಸಿಯಾದಂಥ ತೊಂದರೆಯಿರುವ ಮಕ್ಕಳಿಗೆ ಹೆಚ್ಚುವರಿ ಸಮಯ, ದಪ್ಪಕ್ಷರದ ಪ್ರಶ್ನೆಪತ್ರಿಕೆ ಸಿಗುತ್ತದೆ. ವೈದ್ಯಕೀಯ ದಾಖಲೆಯನ್ನು ನೋಂದಣಿಯ ಹೊತ್ತಿಗೇ ಕೊಡಬೇಕು, ಪರೀಕ್ಷೆಯ ಬೆಳಗ್ಗೆ ಕೇಳಿದರೆ ಆಗದು. ಅರ್ಜಿಯಲ್ಲಿಯೂ ಒಂದು ಬಿಟ್ಟ ಸ್ಥಳವಿದೆ: ಕುಟುಂಬದ ಹೆಸರು. ನಮ್ಮಲ್ಲಿ ಅನೇಕರಿಗೆ ಅದು ಇಲ್ಲವೇ ಇಲ್ಲ. ಇರುವುದು ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮುಂದಿರುತ್ತದೆ, ಆಧಾರ್‌ನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಪೂರ್ತಿ ಬರೆದಿರುತ್ತದೆ. ಪಾಸ್‌ಪೋರ್ಟ್ ಇದ್ದರೆ ಅದರಲ್ಲಿ ಇರುವ ಹಾಗೆಯೇ, ಒಂದಕ್ಷರವೂ ಆಚೀಚೆ ಆಗದಂತೆ ತುಂಬಿ. ಪರೀಕ್ಷೆಯ ದಿನ ಬಾಗಿಲಲ್ಲಿ ತೋರಿಸುವ ಗುರುತಿನ ಚೀಟಿಯೂ ಅದೇ ಆಗಿರಲಿ.